ಮನೆ ಎತ್ತಿಸಿದರೆ ನೀರು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರಾಂಶ: ‘ನಮ್ಮದು ಇಳಿಜಾರು ಬೀದಿಯ ಕೊನೇ ಮನೆ. ಕಟ್ಟಿಸಿದಾಗ ರಸ್ತೆಗಿಂತ ಎರಡು ಅಡಿ ಮೇಲಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು, ಈಗ ಗೇಟು ದಾಟಿ ಕೆಳಗಿಳಿಯಬೇಕು. ಜೋರು ಮಳೆ ಬಂದರೆ ಗೇಟಿನಿಂದಲೂ ನೀರು, ಬಾತ್‌ರೂಮಿನ ಜಾಲರಿಯಿಂದಲೂ ನೀರು. ಜಾಕ್ ಇಟ್ಟು ಮನೆ ಎತ್ತುವವರನ್ನು ವಿಚಾರಿಸಿದ್ದೇವೆ. ಎತ್ತಿಸೋಣವೇ?’

ಸಂಪಾದಕರ ಉತ್ತರ:

ಎತ್ತಿಸುವ ಮುಂಚೆ ಇನ್ನೊಂದು ಮಳೆಗೆ ಕಾಯಿರಿ. ಆವತ್ತು ಕೊಡೆ ಹಿಡಿದು ನಿಮ್ಮ ಬೀದಿಯ ತಲೆಯವರೆಗೆ ನಡೆದು ಹೋಗಿ. ಪ್ರತಿ ಮನೆಯ ಮುಂದೆ ಒಂದು ಕ್ಷಣ ನಿಂತು, ತಾರಸಿ ಪೈಪು ಎಲ್ಲಿ ಮುಗಿಯುತ್ತದೆ ನೋಡಿ. ನಿಮ್ಮ ಮನೆಯ ರೋಗಕ್ಕೆ ಔಷಧ ಇರುವುದು ಅಲ್ಲಿ.

ನಿಮ್ಮಲ್ಲಿಗೆ ಬರುತ್ತಿರುವುದು ಎರಡು ಬೇರೆ ಬೇರೆ ನೀರು. ಬಾತ್‌ರೂಮಿನಲ್ಲಿ ಉಕ್ಕುವುದು ಒಳಚರಂಡಿಯದು. ಆ ಪೈಪು ಹಾಕಿರುವುದು ಸ್ನಾನ, ಪಾತ್ರೆ, ಕಕ್ಕಸಿನ ನೀರಿಗೆ ಮಾತ್ರ. ಮೇಲಿನ ಮನೆಯವರು ತಾರಸಿ ನೀರನ್ನೂ ಅದಕ್ಕೇ ಬಿಟ್ಟರೆ ಅದು ತುಂಬಿ, ಎಲ್ಲಕ್ಕಿಂತ ತಗ್ಗಿನ ಜಾಲರಿ ಹುಡುಕಿಕೊಂಡು ಹೊರಗೆ ಬರುತ್ತದೆ. ತಗ್ಗಿನದು ನಿಮ್ಮದು, ಅಷ್ಟೇ. ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಾನೂ ಅದೇ ತಪ್ಪು ಮಾಡಿದವನು. ನಮ್ಮ ಮನೆ ಬೀದಿಯ ಮೇಲ್ಗಡೆ ಇದೆ. ಪ್ಲಂಬರ್ ‘ಹತ್ತಿರ ಆಗುತ್ತೆ ಸಾರ್’ ಅಂತ ತಾರಸಿ ಪೈಪನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿದ. ಸುಮ್ನೆ ತಲೆಯಾಡಿಸಿದೆ. ವರ್ಷಗಟ್ಟಲೆ ನಮ್ಮ ತಾರಸಿ ನೀರು ಕೆಳಗಿನವರ ಬಚ್ಚಲಲ್ಲಿ ಏಳುತ್ತಿದ್ದದ್ದು ಗೊತ್ತೇ ಆಗಲಿಲ್ಲ. ಮೇಲಿನವರಿಗೆ ಗೊತ್ತಾಗುವುದೂ ಇಲ್ಲ, ಅಲ್ವಾ? ಅವರ ಅಂಗಳ ಒಣಗಿಯೇ ಇರುತ್ತದೆ. ಸದ್ಯಕ್ಕೆ ನಿಮ್ಮ ಲೈನಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಿ.

ಇನ್ನು ಗೇಟಿನ ನೀರು. ಒಂದು ಸಣ್ಣ ಲೆಕ್ಕ ನೋಡಿ. 30×40 ಸೈಟಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್. ಬೇಸಿಗೆಯಲ್ಲಿ ಕಾಸು ಕೊಟ್ಟು ತರಿಸುವ ಒಂದು ಟ್ಯಾಂಕರ್, ಹೆಚ್ಚುಕಮ್ಮಿ. ಮೊದಲು ಹಿತ್ತಲಿನ ಮಣ್ಣು ಇದರಲ್ಲಿ ಒಂದಿಷ್ಟು ಕುಡಿಯುತ್ತಿತ್ತು. ಈಗ ಗೋಡೆಯಿಂದ ಗೋಡೆಗೆ ಟೈಲ್ಸ್. ನಿಮ್ಮ ಬೀದಿಯಲ್ಲಿ 40 ಮನೆ ಅಂತಿಟ್ಟುಕೊಂಡರೆ ಎರಡು ಲಕ್ಷ ಲೀಟರಿಗೂ ಜಾಸ್ತಿ. ರಸ್ತೆ ಮೇಲೆ ಬಿದ್ದದ್ದು ಬೇರೆ. ಇದೆಲ್ಲ ಹರಿಯಬೇಕಾದ ಮೋರಿಯಾದರೂ ಹೇಗಿದೆ? ಕಾರು ಹತ್ತಲಿ ಅಂತ ಚಪ್ಪಡಿ ಮುಚ್ಚಿ, ಸಿಮೆಂಟಿನ ಇಳಿಜಾರು ಕಟ್ಟಿದ್ದಾರೆ. ಒಳಗೆ ಹಾಲಿನ ಕವರು, ತೆಂಗಿನ ಗರಿ, ಕಟ್ಟಡ ಕೆಲಸದ ಜಲ್ಲಿ. ಹೂಳು ತೆಗೆದವರು ಅದನ್ನು ಮೋರಿಯ ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಮುಂದಿನ ಮಳೆ ಅದನ್ನು ಜೋಪಾನವಾಗಿ ಒಳಗೇ ವಾಪಸ್ ಇಡುತ್ತದೆ.

ಹಾಗಾಗಿ ನೀರನ್ನು ಕೆಳಗೆ ತಡೆಯುವುದಕ್ಕಿಂತ ಮೇಲೆ ಹಿಡಿಯುವುದು ಸುಲಭ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿಗೆ ಸುಮಾರು 4,000 ಲೀಟರ್ ಹಿಡಿಸುತ್ತದೆ, ತುಂಬುತ್ತಿದ್ದ ಹಾಗೇ ಇಂಗುತ್ತಲೂ ಇರುತ್ತದೆ. ಸುತ್ತ ಸಿಮೆಂಟ್ ರಿಂಗ್ ಇಳಿಸಿದರೂ ತಳಕ್ಕೆ ಕಾಂಕ್ರೀಟ್ ಹಾಕಬೇಡಿ, ಜಲ್ಲಿ ಸಾಕು. ಪಾಯ ಮತ್ತು ಚರಂಡಿ ಚೇಂಬರಿನಿಂದ ದೂರವಿರಲಿ. ತಾರಸಿ ನೀರನ್ನು ಸೋಸಿ ಬಿಡಿ. ರಸ್ತೆ ನೀರಾದರೆ ಮಣ್ಣು ತಂಗುವ ಗುಂಡಿ ದಾಟಿಯೇ ಬರಬೇಕು, ಇಲ್ಲದಿದ್ದರೆ ಬಾವಿ ಬೇಗ ಹೂಳುತ್ತದೆ. ಕೆಂಪು ಮಣ್ಣಿನಲ್ಲಿ ಚೆನ್ನಾಗಿ ಇಂಗುತ್ತದೆ. ಸ್ವಲ್ಪ ಅಗೆಯುತ್ತಲೇ ಬಂಡೆ ಸಿಕ್ಕರೆ ಆ ಜಾಗ ಬಿಡಿ. ಕಣ್ಣಾರೆ ನೋಡಬೇಕೆಂದರೆ ಜಲಮಂಡಳಿಯ ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಜಯನಗರ 5ನೇ ಬ್ಲಾಕಿನಲ್ಲಿದೆ. 2009ರಿಂದ ಊರಿನ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಆದರೆ ಎಷ್ಟೋ ಕಡೆ ಅದು ಒಂದು ಡ್ರಮ್ಮು, ಒಂದು ಪೈಪು. ಡ್ರಮ್ಮು ತುಂಬಿದ ಮೇಲೆ ಉಳಿದದ್ದೆಲ್ಲ ರಸ್ತೆಗೆ.

ನಮ್ಮೂರಿಗೆ ದೊಡ್ಡ ನದಿಯಿಲ್ಲ. ದಿಣ್ಣೆ ಮೇಲಿನ ಊರು. ಮೊದಲು ಮಳೆ ನೀರು ಹೋಗುತ್ತಿದ್ದದ್ದು ಕೆರೆಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ವಿಲ್ಲಾಗಳಿಂದ ಜನ ದೋಣಿ, ಟ್ರಾಕ್ಟರ್ ಹತ್ತಿ ಹೊರಗೆ ಬಂದದ್ದು ನೆನಪಿದೆಯಲ್ಲ. ನಿಮ್ಮ ಬೀದಿ ಯಾವ ಕಾಲುವೆಗೆ ಸೇರಬೇಕಿತ್ತು ಎಂದು ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ನೋಡಿ. ‘ದಿಶಾಂಕ್’ ಆ್ಯಪಿನಲ್ಲಿ ಸರ್ವೆ ನಂಬರು ಸಿಗುತ್ತದೆ. ಕಾಲುವೆ ಇದ್ದ ಜಾಗದಲ್ಲಿ ಯಾರದ್ದೋ ಕಾಂಪೌಂಡ್ ಎದ್ದಿದ್ದರೆ, ಪಾಲಿಕೆಗೆ ಕೊಡುವ ಅರ್ಜಿಗೆ ಆ ನಕ್ಷೆಯನ್ನೂ ಲಗತ್ತಿಸಿ. ಮುಂದಿನ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯಿರಿ ಅಂತ ಅದೇ ಅರ್ಜಿಯಲ್ಲಿ ಬರೆಯಿರಿ.

ಮನೆ ಎತ್ತಿಸಬಾರದು ಅನ್ನುತ್ತಿಲ್ಲ. ಎತ್ತಿಸಿದರೆ ನಿಮ್ಮ ಹಾಲ್ ಒಣಗಿರುತ್ತದೆ, ನೀರು ಪಕ್ಕದ ಮನೆಗೆ ನುಗ್ಗುತ್ತದೆ. ಎತ್ತಿಸುವ ಖರ್ಚಿನ ಒಂದು ಪಾಲಿನಲ್ಲೇ ಬೀದಿಯ ಮೇಲ್ಗಡೆ ಹಲವು ಇಂಗುಬಾವಿ ತೋಡಿಸಬಹುದು. ಮೇಲಿನವರು ಯಾಕೆ ಒಪ್ಪುತ್ತಾರೆ ಅಂತ ಕೇಳಬಹುದು. ಪ್ರವಾಹದ ಮಾತೆತ್ತಬೇಡಿ, ಅವರ ಬೋರ್‌ವೆಲ್ ಮಾತೆತ್ತಿ. ನಾನು ತಾರಸಿ ಪೈಪನ್ನು ಇಂಗುಬಾವಿಗೆ ತಿರುಗಿಸಿದ್ದೂ ಕೆಳಗಿನವರ ಮೇಲಿನ ಕರುಣೆಯಿಂದಲ್ಲ, ಏಪ್ರಿಲ್‌ನಲ್ಲಿ ನಮ್ಮ ಬೋರು ಬತ್ತಿದ್ದಕ್ಕೆ. ಬಾವಿ ತೋಡುವವರು ಮಳೆ ಶುರುವಾದ ಮೇಲೆ ಕೈಗೆ ಸಿಗುವುದಿಲ್ಲ, ಈಗಲೇ ಹೇಳಿಡಿ.