ಈ ಬೆಲೆಯನ್ನು ಮೊದಲು ಬರೆದವರು ಯಾರು?

ಪ್ರಶ್ನೆ: ಮೇಡಂ, ನನ್ನ ಮಗಳು ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ನೋಡುತ್ತಿದ್ದಾಳೆ. ಮನೆ, ಸೈಟುಗಳ ಮಾಹಿತಿ ಕೊಡುವ ಎರಡು ವೆಬ್‌ಸೈಟ್ ನೋಡಿದೆವು. ಒಂದೇ ಏರಿಯಾಕ್ಕೆ ಎರಡರಲ್ಲೂ ಬೇರೆ ಬೇರೆ ಬೆಲೆ ಇದೆ. ಒಂದರಲ್ಲಿ ‘ತಜ್ಞರ ಪ್ರಕಾರ’ ಎಂದಿದೆ. ಇನ್ನೊಂದರಲ್ಲಿ ಅದೂ ಇಲ್ಲ. ಯಾವುದನ್ನು ನಂಬೋಣ?
– ನಿವೃತ್ತ ಮೇಷ್ಟರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಇಂಥದೇ ಒಂದು ವೆಬ್‌ಸೈಟಿಗೆ ನಾನು ಆರು ವರ್ಷ ಬರೆದಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ನೇರವಾಗಿ ತಟ್ಟಿತು.

ಬೆಲೆ ಎಂದಾಗ ಯಾವ ಬೆಲೆ ಎಂದು ಮೊದಲು ಕೇಳಬೇಕು. ಜಾಹೀರಾತಿನಲ್ಲಿ ಇರುವುದು ಮಾರುವವರು ಕೇಳುವ ಬೆಲೆ. ಕ್ರಯಪತ್ರದಲ್ಲಿ ಇರುವುದು ಬರೆಸಿದ ಬೆಲೆ. ಕೆಲವರು ತೆರಿಗೆ ಉಳಿಸಲು ಅದನ್ನು ಕಡಿಮೆ ಬರೆಸುತ್ತಾರೆ, ನಿಮಗೂ ಗೊತ್ತಿರುತ್ತದೆ ಅಲ್ವಾ? ಮೂರನೆಯದು ಸರ್ಕಾರದ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆಯಾ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ. ಇದಕ್ಕಿಂತ ಕಡಿಮೆ ಬೆಲೆ ಬರೆಸಿದರೂ ಮುದ್ರಾಂಕ ಶುಲ್ಕವನ್ನು ಇದರ ಮೇಲೆಯೇ ಕಟ್ಟಬೇಕು. ನೀವು ನೋಡಿದ ಎರಡು ವೆಬ್‌ಸೈಟು ಇವುಗಳಲ್ಲಿ ಬೇರೆ ಬೇರೆಯದನ್ನು ಹಾಕಿರಬಹುದು. ಯಾವುದು ಎಂದು ಹೇಳದೆ ಸುಮ್ನೆ ‘ಬೆಲೆ’ ಎಂದು ಹಾಕುವುದೇ ತಪ್ಪು.

ಆ ತಪ್ಪು ನನ್ನಿಂದಲೂ ಆಗಿದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಹೊಸ ಗೈಡೆನ್ಸ್ ವ್ಯಾಲ್ಯೂ ಬಂತು. ನಾನು ಬರೆದ ಪುಟದಲ್ಲಿ ಹಳೆಯ ದರವೇ ಉಳಿದಿತ್ತು, ಅದು ಯಾವ ದಿನದ್ದು ಎಂದೂ ಇರಲಿಲ್ಲ. ಒಬ್ಬರು ಅದನ್ನು ನಂಬಿ ದುಡ್ಡು ಹೊಂದಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ಶುಲ್ಕ ಸಾಲಲಿಲ್ಲ, ನೋಂದಣಿ ಆಗದೆ ವಾಪಸ್ ಬಂದರು. ಆ ಸಂಜೆ ಅವರು ಫೋನ್ ಮಾಡಿದಾಗ ನನಗೆ ಮಾತೇ ಹೊರಡಲಿಲ್ಲ. ಅಂದಿನಿಂದ ದಿನಾಂಕ ಹಾಕದೆ ಒಂದು ದರವನ್ನೂ ಬರೆದಿಲ್ಲ.

‘ತಜ್ಞರ ಪ್ರಕಾರ’ ಎಂಬುದನ್ನು ಬಿಟ್ಟುಬಿಡಿ. ಹೆಸರಿಲ್ಲದ ತಜ್ಞರನ್ನು ಮರುಪ್ರಶ್ನೆ ಕೇಳಲು ಆಗುವುದಿಲ್ಲ. ‘ಮತ್ತೊಂದು ವೆಬ್‌ಸೈಟಿನಲ್ಲಿ ಹೀಗಿದೆ’ ಎಂದರೂ ಅಷ್ಟೇ. ಒಂದು ಸಲ ನಾನು ಹೀಗೆ ಒಂದು ಅಂಕಿಯ ಮೂಲ ಹುಡುಕುತ್ತಾ ಹೋದೆ. ನಾಲ್ಕನೆಯ ಪುಟ ನಮ್ಮದೇ ಹಳೆಯ ಲೇಖನವಾಗಿತ್ತು!

ಬೆಲೆ ಏರಿದೆ ಎಂದು ಬರೆದಿದ್ದರೆ, ಯಾವ ಸೂಚ್ಯಂಕ ಎಂದು ನೋಡಿ. ರಿಸರ್ವ್ ಬ್ಯಾಂಕಿನ ಸೂಚ್ಯಂಕಕ್ಕೆ ನೋಂದಣಿ ದಾಖಲೆಗಳೇ ಆಧಾರ. ರಾಷ್ಟ್ರೀಯ ವಸತಿ ಬ್ಯಾಂಕಿನ ರೆಸಿಡೆಕ್ಸ್ ಎಂಬ ಮನೆ ಬೆಲೆಯ ಸೂಚ್ಯಂಕಗಳಲ್ಲಿ ಒಂದು, ಸಾಲ ಕೊಡುವವರು ಮನೆಗೆ ಕಟ್ಟಿದ ಬೆಲೆಯ ಮೇಲೆ ನಿಂತಿದೆ. ಎರಡೂ ಇಡೀ ಬೆಂಗಳೂರಿನ ಮಾತು ಹೇಳುತ್ತವೆ. ನಿಮ್ಮ ಮಗಳು ನೋಡಿದ ಅಪಾರ್ಟ್‌ಮೆಂಟಿನ ಬಗ್ಗೆ ಅವು ಏನೂ ಹೇಳುವುದಿಲ್ಲ.

ಇನ್ನು ‘ರೇರಾ ಅಪ್ರೂವ್ಡ್’ ಎಂಬ ಮಾತು. ರೇರಾ ಎಂದರೆ ಮನೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಪ್ರಾಧಿಕಾರ. 2016ರ ರೇರಾ ಕಾಯ್ದೆಯಲ್ಲಿ ಇರುವುದು ಯೋಜನೆಯ ನೋಂದಣಿ. ಒಳ್ಳೆಯ ಕಟ್ಟಡ ಎಂಬ ಸರ್ಟಿಫಿಕೇಟ್ ಅಲ್ಲ. ಒಳ್ಳೆಯ ವೆಬ್‌ಸೈಟ್ ನೋಂದಣಿ ಸಂಖ್ಯೆ ಹಾಕುತ್ತದೆ, ತಾನು ಅದನ್ನು ಯಾವ ದಿನ ನೋಡಿದ್ದು ಎಂದೂ ಹೇಳುತ್ತದೆ. ಆ ಸಂಖ್ಯೆಯನ್ನು ಕರ್ನಾಟಕ ರೇರಾ ಪುಟದಲ್ಲಿ ನೀವೇ ಹಾಕಿ ನೋಡಿ. ಪ್ಲಾನು, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ), ಮುಗಿಸುವ ದಿನ ಎಲ್ಲವೂ ಸಿಗುತ್ತದೆ. ಆದರೆ ಒಂದು ನೆನಪಿರಲಿ, ಆ ವಿವರ ತುಂಬಿದವರು ಬಿಲ್ಡರ್ರೇ. ಅಫಿಡವಿಟ್ ಕೊಟ್ಟು ತುಂಬಿರುತ್ತಾರೆ, ಸುಳ್ಳಾದರೆ ಹಿಡಿದು ಕೇಳಬಹುದು. ಅದಕ್ಕೇ ನಾನು ಬ್ರೋಷರ್‌ಗಿಂತ ಅದನ್ನು ಜಾಸ್ತಿ ನಂಬುತ್ತೇನೆ.

ಗೈಡೆನ್ಸ್ ವ್ಯಾಲ್ಯೂ ಮತ್ತು ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ಎರಡಕ್ಕೂ ನೋಂದಣಿ ಇಲಾಖೆಯ ಕಾವೇರಿ ಜಾಲತಾಣಕ್ಕೇ ಹೋಗಿ. ಆ ಎರಡು ವೆಬ್‌ಸೈಟಿಗೂ ಮಗಳಿಂದ ಒಂದೊಂದು ಮೇಲ್ ಹಾಕಿಸಿ: ‘ಇದು ಕೇಳುವ ಬೆಲೆಯೋ, ಬರೆಸಿದ ಬೆಲೆಯೋ? ಯಾವ ತಿಂಗಳದ್ದು?’ ಒಂದು ವಾರ ಕಾಯಿರಿ. ಏನು ಉತ್ತರ ಬಂತೆಂದು ನನಗೂ ಬರೆಯಿರಿ.