ಹತ್ತು ದಿನಕ್ಕೆ ಮೂರು ದೇಶ ಬೇಡ, ಒಂದೇ ಕಾಡು ಸಾಕು

ಮಾನ್ಯ ಓದುಗರೇ,

ಹಾಸನದಿಂದ ನೀವು ಬರೆದ ಪತ್ರವೂ ಅದರ ಜೊತೆಗಿಟ್ಟ ಟೂರ್ ಏಜೆಂಟರ ಪಟ್ಟಿಯೂ ಕೈಸೇರಿದವು. ನೀವು, ನಿಮ್ಮ ಯಜಮಾನರು, ಮಗಳು, ಅಳಿಯ, ಮೂರನೇ ಕ್ಲಾಸಿನ ಮೊಮ್ಮಗ. ಡಿಸೆಂಬರ್ ಕೊನೆಯಲ್ಲಿ ಹತ್ತು ದಿನ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಮತ್ತು ಕ್ರೂಗರ್ ಕಾಡು, ಜಿಂಬಾಬ್ವೆ ಕಡೆಯಿಂದ ವಿಕ್ಟೋರಿಯಾ ಜಲಪಾತ, ಬೋಟ್ಸ್ವಾನಾದ ಚೋಬೆ ಕಾಡು. ನಡುವೆ ಒಂದು ಮಧ್ಯಾಹ್ನ ‘ಸಿಂಹದ ಮರಿ ಎತ್ತಿಕೊಂಡು ಫೋಟೋ’. ‘ಕಬಿನಿಯಲ್ಲೇ ಆನೆ ಹಿಂಡು ಕಾಣುವಾಗ ಇಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗಬೇಕೆ? ಹೋದರೆ ಯಾವ ದೇಶ? ಮೊಟ್ಟೆಯನ್ನೂ ಮುಟ್ಟದ ನಮಗೆ ಅಲ್ಲಿ ಊಟದ ಗತಿಯೇನು?’ ಎಂದು ಕೇಳಿದ್ದೀರಿ. ಹುಲಿ ಸಿಗುತ್ತದಾ ಎಂದು ಕೊನೆಯಲ್ಲಿ ಮೊಮ್ಮಗನ ಪ್ರಶ್ನೆ.

ಹೋಗಿ ಬನ್ನಿ. ಆದರೆ ಈ ಪಟ್ಟಿ ಹಿಡಿದು ಹೋಗಬೇಡಿ.

ಪಟ್ಟಿಯಲ್ಲಿ ಕಾಡಿನೊಳಗೆ ಬೆಳಕು ಹರಿಯುವುದನ್ನು ನೋಡಲು ಎಷ್ಟು ದಿನ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಕ್ರೂಗರ್‌ನಲ್ಲಿ ಎರಡು, ಚೋಬೆಯಲ್ಲಿ ಒಂದು, ಅಷ್ಟೆ. ಉಳಿದ ಬೆಳಗುಗಳೆಲ್ಲ ವಿಮಾನ ನಿಲ್ದಾಣಕ್ಕೆ ಮತ್ತು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳುವ ಸಾಲಿಗೆ. ಕ್ರೂಗರ್‌ಗೆ ಹೋಗಲು ವಿಮಾನ ಇಳಿಯುವ ಜೊಹಾನ್ಸ್‌ಬರ್ಗ್‌ನಿಂದ ಕೇಪ್‌ಟೌನಿಗೆ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರ್. ನಕ್ಷೆಯಲ್ಲಿ ಒಂದೇ ದೇಶ ಎಂದು ಕಂಡರೂ ಅದು ಬೇರೆಯೇ ಪ್ರವಾಸ. ಕೇಪ್‌ಟೌನ್ ಚೆಂದದ ಊರು, ಸಂಶಯವಿಲ್ಲ. ಅದಕ್ಕೆ ಇನ್ನೊಂದು ಸಲ ಹೋಗಬಹುದು.

ಕಬಿನಿಯ ಪ್ರಶ್ನೆಗೆ ಬರುತ್ತೇನೆ, ಅದು ಸರಿಯಾದ ಪ್ರಶ್ನೆ. ಬೇಸಿಗೆಯಲ್ಲಿ ಹಿನ್ನೀರಿನ ದಂಡೆಗೆ ಆನೆಗಳು ಇಳಿದು ಬರುವ ನೋಟಕ್ಕೆ ಆಫ್ರಿಕಾದಲ್ಲೂ ಸಾಟಿ ಹುಡುಕಬೇಕು. ಆದರೆ ನಮ್ಮಲ್ಲಿ ಸಫಾರಿ ಎಂದರೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಹತ್ತಿಸಿಕೊಂಡ ಜೀಪು ಕರೆದುಕೊಂಡು ಹೋದಷ್ಟೇ ಕಾಡು. ಎರಡೂ ಬದಿಯಲ್ಲಿ ಲಂಟಾನ, ಅದರ ಹಿಂದೆ ಏನಿದ್ದರೂ ಕಾಣದು. ಕ್ರೂಗರ್ 1926ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದು. ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರ್ ಉದ್ದ. ಅಲ್ಲಿ ಬಾಡಿಗೆ ಕಾರಿನಲ್ಲಿ ನೀವೇ ಓಡಾಡಬಹುದು. ವಾಹನ ಎಡಗಡೆಯೇ ಓಡಿಸುವುದರಿಂದ ನಿಮ್ಮ ಅಳಿಯನಿಗೆ ಕಷ್ಟವಾಗದು. ಇಲ್ಲಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಲಿ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ನೋಡುವವರಿಗೆ ಇಪ್ಪತ್ತೂ ಜಾಸ್ತಿಯೇ. ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಯುವ ಹಾಗಿಲ್ಲ, ಗೇಟು ಮುಚ್ಚುವುದರೊಳಗೆ ಶಿಬಿರ ಸೇರಿಕೊಳ್ಳಬೇಕು. ಇಷ್ಟು ಪಾಲಿಸಿದರೆ ಒಂದು ಮರದ ಕೆಳಗೆ ಮಧ್ಯಾಹ್ನವಿಡೀ ನಿಂತರೂ ‘ಟೈಮಾಯಿತು’ ಎನ್ನುವವರಿಲ್ಲ.

ಸ್ಕುಕುಜಾ ಎಂಬ ದೊಡ್ಡ ಶಿಬಿರದಿಂದ ಲೋವರ್ ಸಾಬಿ ಶಿಬಿರಕ್ಕೆ ಸಾಬಿ ನದಿಯ ಪಕ್ಕದಲ್ಲೇ ಸಾಗುವ ದಾರಿ 45 ಕಿಲೋಮೀಟರ್ ಆಸುಪಾಸು. ಮುಕ್ಕಾಲು ಗಂಟೆಯ ದಾರಿ ಎಂದು ಹೊರಟರೆ ಅರ್ಧ ದಿನ ಹಿಡಿಯುತ್ತದೆ. ದಾರಿ ಮುಗಿಯುವಲ್ಲಿ ಸನ್‌ಸೆಟ್ ಡ್ಯಾಮ್ ಎಂಬ ಸಣ್ಣ ಕೆರೆ. ಕಾರನ್ನು ನೀರಿನ ಅಂಚಿಗೇ ನಿಲ್ಲಿಸಬಹುದು. ನೀರಾನೆಗಳ ಕಿವಿ, ಕಣ್ಣು, ಮೂಗಿನ ಹೊಳ್ಳೆ ಮಾತ್ರ ನೀರಿನ ಮೇಲೆ. ಬುಸ್ಸೆಂದು ಉಸಿರು ಬಿಟ್ಟಾಗಲಷ್ಟೇ ಅಲ್ಲೊಂದು ಪ್ರಾಣಿಯಿದೆ ಎಂದು ಗೊತ್ತಾಗುವುದು. ದಂಡೆಯಲ್ಲಿ ಬಾಯಿ ತೆರೆದು ಮಲಗಿದ ಮೊಸಳೆಗಳು. ಅವುಗಳಿಂದ ಮಾರು ದೂರದಲ್ಲೇ ಜಿಂಕೆಯಂಥ ಇಂಪಾಲಾಗಳು ಬಂದು, ಒಂದು ಕುಡಿಯುವಾಗ ಇನ್ನೊಂದು ತಲೆಯೆತ್ತಿ ಕಾಯುತ್ತ, ಹೆದರಿ ಹೆದರಿ ನೀರು ಮುಟ್ಟುತ್ತವೆ. ಸಿಂಹ ಎಲ್ಲಿ ಎಂದು ಹುಡುಕುತ್ತ ಕಾರು ಓಡಿಸುವವರಿಗೆ ಇದು ಯಾವುದೂ ಕಾಣುವುದಿಲ್ಲ.

ಹುಲಿಯ ಬಗ್ಗೆ ಮೊಮ್ಮಗನಿಗೆ ಹೇಳಿ: ಆಫ್ರಿಕಾದ ಕಾಡುಗಳಲ್ಲಿ ಹುಲಿಯಿಲ್ಲ. ಅವನಿಗೆ ಚೀತಾ ತೋರಿಸಿ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ, ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಮಧ್ಯಪ್ರದೇಶದ ಕುನೋಗೆ ಬಂದ ಚೀತಾಗಳ ತವರು ಅದೇ ಸೀಮೆ.

ಇನ್ನು ಕಾಲ. ಡಿಸೆಂಬರ್ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಭೂಮಧ್ಯರೇಖೆ ದಾಟಿದರೆ ಋತು ತಿರುಗುಮುರುಗು. ನಮ್ಮ ಚಳಿಗಾಲ ಅವರಿಗೆ ಬೇಸಿಗೆ, ಬಹುಪಾಲು ಸಫಾರಿ ಪ್ರದೇಶಗಳಲ್ಲಿ ಅದೇ ಮಳೆಗಾಲವೂ ಹೌದು. ಎಲ್ಲೆಡೆ ನೀರು ಸಿಗುವುದರಿಂದ ಪ್ರಾಣಿಗಳು ಚದುರಿಹೋಗುತ್ತವೆ, ಹುಲ್ಲು ಎತ್ತರ ಬೆಳೆದು ಮಲಗಿದ ಸಿಂಹವನ್ನೇ ಮುಚ್ಚಿಬಿಡುತ್ತದೆ, ಮಲೇರಿಯಾ ಸೊಳ್ಳೆಗೂ ಅದೇ ಸುಗ್ಗಿ. (ಹಕ್ಕಿ ನೋಡುವವರ ಮಾತು ಬೇರೆ. ವಲಸೆ ಹಕ್ಕಿಗಳೆಲ್ಲ ಬಂದಿರುತ್ತವೆ, ಅವರು ಡಿಸೆಂಬರಿನಲ್ಲೇ ಹೋಗಲಿ.) ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಗಾಲ, ಹುಲ್ಲು ಸೊರಗಿ, ಉಳಿದ ನೀರಿನ ಬಳಿಗೆ ಎಲ್ಲ ಪ್ರಾಣಿಗಳೂ ಬರಲೇಬೇಕು. ನಮ್ಮ ಮಕ್ಕಳ ಬೇಸಿಗೆ ರಜೆ ಮೇ ತಿಂಗಳಲ್ಲೂ ಇರುತ್ತದಲ್ಲ, ಇದಕ್ಕಿಂತ ಅನುಕೂಲ ಬೇಕೆ? ತೆರೆದ ಜೀಪಿನಲ್ಲಿ ಬೆಳಗಿನ ಜಾವ ಹೊರಟರೆ ಮಾತ್ರ ಹಲ್ಲು ಕಟಕಟ ಎನ್ನುವ ಚಳಿ. ಯಜಮಾನರ ಮಂಕಿ ಕ್ಯಾಪ್ ಮರೆಯಬೇಡಿ.

ಬೇರೆ ದೇಶಗಳ ಬಗ್ಗೆ ಕೇಳಿದ್ದೀರಿ, ಚುಟುಕಾಗಿ ಹೇಳುತ್ತೇನೆ. ಆನೆಗಳು ಎಲ್ಲ ದೇಶಗಳಿಗಿಂತ ಹೆಚ್ಚು ಇರುವುದು ಬೋಟ್ಸ್ವಾನಾದಲ್ಲಿ. ಅಲ್ಲಿಯ ಒಕವಾಂಗೋ ನದೀಬಯಲು ಅದ್ಭುತ: ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ಹರಿದು ಬಂದು, ಸುತ್ತಲೂ ಬಿರು ಒಣಗಾಲ ಇರುವಾಗ ಆ ಬಯಲಿಗೆ ನೆರೆ ತರುತ್ತದೆ. ಆದರೆ ಕಡಿಮೆ ಜನ, ಹೆಚ್ಚು ದುಡ್ಡು ಎಂಬುದೇ ಆ ದೇಶದ ಪ್ರವಾಸೋದ್ಯಮ ನೀತಿ. ಒಳಗಿನ ಶಿಬಿರಗಳಿಗೆ ಪುಟ್ಟ ವಿಮಾನವೇ ಗತಿ. ತಲೆಗೆ 20 ಕಿಲೋ ಸಾಮಾನು, ಅದೂ ಮೆತ್ತನೆ ಚೀಲದಲ್ಲಿ. ಐದು ಜನಕ್ಕೆ ಅದರ ಖರ್ಚು ನಿಮ್ಮ ಪತ್ರದಲ್ಲಿರುವ ಮೊತ್ತಕ್ಕೆ ನಿಲುಕದು. ನಮೀಬಿಯಾದ ಎತೋಷಾ ಉದ್ಯಾನ ನನಗೆ ಪ್ರಿಯವಾದದ್ದು. ಒಕಾಕುಯೋ ಶಿಬಿರದ ನೀರಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಹಾಕಿರುತ್ತಾರೆ, ಕಲ್ಲುಗೋಡೆಯ ಈಚೆ ಬೆಂಚಿನಲ್ಲಿ ಕೂತರೆ ಕಪ್ಪು ಘೇಂಡಾಮೃಗ ತಾನಾಗಿ ಬರುತ್ತದೆ. ಆದರೆ ಅಲ್ಲಿ ಊರಿಂದೂರಿಗೆ ದೂರ ಬಹಳ. ಮಗು ಇರುವ ಮೊದಲ ಪ್ರವಾಸಕ್ಕೆ ಕ್ರೂಗರ್ ಸಾಕು.

ಈಗ ಆ ಸಿಂಹದ ಮರಿ. ಇದನ್ನು ಪಟ್ಟಿಯಿಂದ ತೆಗೆಸಿ, ತೆಗೆಯದಿದ್ದರೆ ಏಜೆಂಟರನ್ನೇ ಬದಲಾಯಿಸಿ. ತೊಡೆಯ ಮೇಲೆ ಕೂರಿಸಿಕೊಡುವ ಮರಿ ಕಾಡಿನ ಅನಾಥ ಮರಿಯೆಂದು ಹೇಳುತ್ತಾರೆ. ಸಾಮಾನ್ಯವಾಗಿ ಅದು ಫಾರಂನಲ್ಲಿ ಹುಟ್ಟಿದ್ದು. ಕಣ್ಣು ಬಿಟ್ಟು ಹೆಚ್ಚು ದಿನವಾಗುವ ಮೊದಲೇ ತಾಯಿಂದ ಬಿಡಿಸುತ್ತಾರೆ. ತಾಯಿ ಬೇಗ ಮತ್ತೆ ಬೆದೆಗೆ ಬರಲಿ, ಮರಿ ಮನುಷ್ಯರ ಕೈಗೆ ಒಗ್ಗಲಿ ಎಂದು. ಕೆಲವು ತಿಂಗಳು ಫೋಟೋ, ಆಮೇಲೆ ‘ಸಿಂಹದ ಜೊತೆ ನಡಿಗೆ’. ಬೆಳೆದ ಮೇಲೆ ಅಂಥ ಹಲವು ಸಿಂಹಗಳನ್ನು ಬೇಲಿಯೊಳಗೆ ಬಿಟ್ಟು ದುಡ್ಡು ಕೊಟ್ಟವರಿಂದ ಗುಂಡು ಹೊಡೆಸುತ್ತಾರೆ, ಮೂಳೆ ಏಷ್ಯಾದ ಔಷಧಿ ವ್ಯಾಪಾರಕ್ಕೆ ಹೋಗುತ್ತದೆ. ಸೆರೆಯಲ್ಲಿ ಸಿಂಹ ಬೆಳೆಸುವುದನ್ನು ನಿಲ್ಲಿಸುವುದಾಗಿ ದಕ್ಷಿಣ ಆಫ್ರಿಕಾ ಸರ್ಕಾರವೇ 2021ರಲ್ಲಿ ಘೋಷಿಸಿತು. ಘೋಷಣೆಗೂ ಬಾಗಿಲು ಮುಚ್ಚುವುದಕ್ಕೂ ಎಷ್ಟು ಅಂತರ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಿರಾಕಿ ಬರುವವರೆಗೆ ಅಂಗಡಿ ಇರುತ್ತದೆ.

ಊಟಕ್ಕೆ ಹೆದರಬೇಡಿ. ಕ್ರೂಗರ್ ಶಿಬಿರಗಳ ಬಹಳಷ್ಟು ಕುಟೀರಗಳಲ್ಲಿ ಒಲೆ, ಫ್ರಿಜ್, ಪಾತ್ರೆಗಳಿರುತ್ತವೆ. ಅಕ್ಕಿ, ಬೇಳೆ, ತರಕಾರಿಯನ್ನು ಗೇಟಿಗೆ ಮೊದಲು ಸಿಗುವ ಪೇಟೆಯಲ್ಲಿ ಕೊಂಡುಕೊಳ್ಳಿ. ಸಾರಿನ ಪುಡಿ ಮಾತ್ರ ಮನೆಯದೇ ಇರಲಿ. ಅವರ ಪ್ಯಾಪ್ ಎಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಚಕಲಾಕಾ ಎಂಬ ಖಾರದ ತರಕಾರಿ ಪಲ್ಯ. ಹಾಸನದವರ ಬಾಯಿಗೆ ಅದು ಹೊಸದೆನಿಸದು. ತಿಂಡಿಯ ತಟ್ಟೆಯನ್ನು ಜಗಲಿಯಲ್ಲಿಟ್ಟು ಒಳಗೆ ಹೋಗಬೇಡಿ, ಅಲ್ಲಿಯ ಕೋತಿಗಳೂ ನಮ್ಮವುಗಳಷ್ಟೇ ಚುರುಕು.

ಅಡುಗೆಯ ಉಸಾಬರಿಯೇ ಬೇಡ ಎನ್ನುವುದಾದರೆ ಇನ್ನೊಂದು ದಾರಿಯಿದೆ. 1860ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ಭಾರತೀಯರ ಮೊಮ್ಮಕ್ಕಳು ಮರಿಮಕ್ಕಳಿರುವ ಊರು ಡರ್ಬನ್, ಸಸ್ಯಾಹಾರ ಹುಡುಕಬೇಕಿಲ್ಲ. ಅಲ್ಲಿಂದ ಮೂರು ಮೂರೂವರೆ ಗಂಟೆ ಕಾರಿನಲ್ಲಿ ಹೋದರೆ ಶುಶ್ಲುವೆ-ಇಂಫೊಲೋಜಿ. 1895ರಿಂದ ರಕ್ಷಿತವಾದ ಈ ಕಾಡಿನಲ್ಲೇ ದಕ್ಷಿಣದ ಬಿಳಿ ಘೇಂಡಾಮೃಗ ಅಳಿಯದೆ ಉಳಿದುಕೊಂಡದ್ದು. ಕ್ರೂಗರ್‌ಗೆ 1960ರ ದಶಕದಲ್ಲಿ ಮತ್ತೆ ತಂದುಬಿಟ್ಟವೂ ಇಲ್ಲಿಯವೇ.

ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದ ರಾತ್ರಿಯೇ ಕ್ರೂಗರ್ ಕಡೆ ಹೊರಡಬೇಡಿ. ಐದಾರು ಗಂಟೆಯ ದಾರಿ, ಬೆಳಿಗ್ಗೆ ಹೊರಡಿ. ಒಳಗೆ ದಕ್ಷಿಣದ ಒಂದೆರಡು ಶಿಬಿರಗಳಲ್ಲೇ ಆರು ರಾತ್ರಿ ಇದ್ದುಬಿಡಿ, ತಿಂಗಳುಗಟ್ಟಲೆ ಮುಂಚೆ ಕಾಯ್ದಿರಿಸಬೇಕು. ಮೊಮ್ಮಗನ ಜನನ ಪ್ರಮಾಣಪತ್ರ, ತಂದೆ ತಾಯಿ ಇಬ್ಬರ ಹೆಸರೂ ಇರುವುದು, ಜೊತೆಗಿರಲಿ. ಕ್ರೂಗರ್ ಮಲೇರಿಯಾ ಪ್ರದೇಶ. ಒಣಗಾಲದಲ್ಲಿ ಅಪಾಯ ಕಡಿಮೆಯೇ ಹೊರತು ಇಲ್ಲವೇ ಇಲ್ಲ ಎಂದಲ್ಲ, ಮಾತ್ರೆಯ ವಿಚಾರ ಡಾಕ್ಟರ ಹತ್ತಿರ ಮಾತಾಡಿ. ಟಿಕೆಟ್ ಅಗ್ಗವೆಂದು ಏಜೆಂಟರು ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹಾಕಿದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುವ ಸಂದರ್ಭ ಬರಬಹುದು. ಲಸಿಕೆ ಹಾಕಿಸಿ ಹತ್ತು ದಿನ ಕಳೆಯದೆ ಆ ಪತ್ರ ಊರ್ಜಿತವಲ್ಲ, ಅರವತ್ತು ದಾಟಿದವರಿಗೆ ಆ ಲಸಿಕೆಯನ್ನು ವೈದ್ಯರು ಹಿಂದುಮುಂದು ನೋಡಿಯೇ ಕೊಡುತ್ತಾರೆ. ನಾಲ್ಕು ಕಾಸು ಹೆಚ್ಚಾದರೂ ದುಬೈ ಅಥವಾ ದೋಹಾ ಮೂಲಕ ಟಿಕೆಟ್ ಮಾಡಿಸಿಕೊಳ್ಳಿ.

— ಸಂಪಾದಕ