ಸರ್ವಾಧಿಕಾರಕ್ಕೆ ಜನಬೆಂಬಲ ಸಿಗುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಟ್ಲರನ ಆಳ್ವಿಕೆಯ ಜರ್ಮನಿಯ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹಿಟ್ಲರ್ ಚುನಾವಣೆಯಲ್ಲಿ ಗೆದ್ದು ಅಧಿಕಾರಕ್ಕೆ ಬಂದವನು ಎಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಬಲಾತ್ಕಾರದಿಂದ ಅಧಿಕಾರ ಕಸಿದುಕೊಂಡವನು ಎಂದು ಬೇರೆ ಕಡೆ ಓದಿದ್ದೇನೆ. ಯಾವುದು ಸರಿ? ಅಷ್ಟೊಂದು ವಿದ್ಯಾವಂತರಿದ್ದ ದೇಶ ಅವನನ್ನು ಒಪ್ಪಿಕೊಂಡದ್ದಾದರೂ ಹೇಗೆ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡು ಹೇಳಿಕೆಗಳೂ ಅರ್ಧದಷ್ಟು ಮಾತ್ರ ಸರಿ. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6ರಷ್ಟು ಮತ. ಮರುವರ್ಷ ಆರಂಭವಾದ ಆರ್ಥಿಕ ಕುಸಿತದಿಂದ ಕಾರ್ಖಾನೆಗಳು ಮುಚ್ಚಿ, ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದ ಹತ್ತಿರಕ್ಕೆ ಏರಿದಾಗ, ಅದೇ ಪಕ್ಷ 1932ರ ಜುಲೈನಲ್ಲಿ ಶೇ 37ರಷ್ಟು ಮತ ಗಳಿಸಿ ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಆದರೆ ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ಅದಕ್ಕೆ ಬಹುಮತ ಬರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮತಪ್ರಮಾಣ ಶೇ 33ಕ್ಕೆ ಇಳಿದೂ ಇತ್ತು. ಹೀಗೆ ಇಳಿಮುಖವಾಗಿದ್ದ ಹೊತ್ತಿನಲ್ಲಿ, 1933ರ ಜನವರಿ 30ರಂದು, ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿ ನೇಮಿಸಿದನು. ಅದರ ಹಿಂದೆ ಇದ್ದವರು ಮಾಜಿ ಚಾನ್ಸಲರ್ ಫಾನ್ ಪಾಪೆನ್ ಮತ್ತು ಅವನ ಸುತ್ತಲಿನ ಸಂಪ್ರದಾಯವಾದಿ ರಾಜಕಾರಣಿಗಳು. ಹಿಟ್ಲರನ ಹಿಂದಿರುವ ಜನಸಮೂಹವನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡು ಅವನನ್ನು ಮಾತ್ರ ಹಿಡಿತದಲ್ಲಿ ಇಟ್ಟುಕೊಳ್ಳಬಹುದೆಂದು ಅವರು ನಂಬಿದ್ದರು. ಮಂತ್ರಿಮಂಡಲದಲ್ಲಿ ಅವನ ಪಕ್ಷದವರು ಇನ್ನಿಬ್ಬರೇ ಇದ್ದದ್ದು ಅವರಿಗೆ ಧೈರ್ಯ ಕೊಟ್ಟಿತ್ತು. ಆದರೆ ಆ ಇಬ್ಬರಲ್ಲಿ ಫ್ರಿಕ್‌ಗೆ ಒಳಾಡಳಿತವೂ ಗೋರಿಂಗ್‌ಗೆ ದೇಶದ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಪೊಲೀಸ್ ವ್ಯವಸ್ಥೆಯೂ ಸಿಕ್ಕಿದ್ದವು. ಲೆಕ್ಕ ತಪ್ಪಿದ್ದು ಅಲ್ಲಿಯೇ.

ನಂತರದ್ದು ಎಂಟು ವಾರಗಳ ಕಥೆ. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಹೊರಟ ಸುಗ್ರೀವಾಜ್ಞೆ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆಯ ಗೋಪ್ಯತೆ ಎಲ್ಲವನ್ನೂ ಅಮಾನತಿನಲ್ಲಿಟ್ಟಿತು, ಮತ್ತು ಆ ಅಮಾನತು ಆಳ್ವಿಕೆ ಮುಗಿಯುವ ತನಕ ತೆರವಾಗಲಿಲ್ಲ. ಮಾರ್ಚ್ 23ರಂದು ಸಂಸತ್ತು ತನ್ನ ಶಾಸನಾಧಿಕಾರವನ್ನೇ ಸರ್ಕಾರಕ್ಕೆ ಬಿಟ್ಟುಕೊಡುವ ಕಾಯ್ದೆಗೆ 444 ಮತಗಳ ಒಪ್ಪಿಗೆ ನೀಡಿತು. ಕಮ್ಯುನಿಸ್ಟ್ ಸದಸ್ಯರಲ್ಲಿ ಒಬ್ಬರಿಗೂ ಮತ ಹಾಕುವ ಅವಕಾಶ ಸಿಗಲಿಲ್ಲ. ಅವರು ಬಂಧನದಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಸಭಾಂಗಣದ ತುಂಬ ಸಮವಸ್ತ್ರದ ಪಡೆಯವರು ನಿಂತಿದ್ದಾಗಲೂ ವಿರೋಧವಾಗಿ ಮತ ಹಾಕಿದವರು 94 ಮಂದಿ ಸೋಷಿಯಲ್ ಡೆಮಾಕ್ರಟರು. ಅವರ ನಾಯಕ ಒಟ್ಟೊ ವೆಲ್ಸ್, ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಸಿದುಕೊಳ್ಳಬಹುದು, ಮಾನವನ್ನು ಕಸಿದುಕೊಳ್ಳಲಾಗದು ಎಂದು ಅಂದು ಹೇಳಿದ ಮಾತನ್ನು ಇಂದಿಗೂ ಓದುವಾಗ ಮೈ ಜುಮ್ಮೆನ್ನುತ್ತದೆ. ಇಷ್ಟೆಲ್ಲ ನಡೆದದ್ದು ಕಾನೂನಿನ ಹೆಸರಿನಲ್ಲಿ, ಗೆಜೆಟ್ಟಿನಲ್ಲಿ ಪ್ರಕಟವಾಗಿ ಎಂಬುದನ್ನು ಗಮನಿಸಬೇಕು. ನ್ಯಾಯಾಧೀಶರು, ಕಂದಾಯ ಅಧಿಕಾರಿಗಳು, ಶಾಲಾ ಮಾಸ್ತರರು ನಿನ್ನೆ ಕೂತ ಮೇಜಿನ ಮುಂದೆಯೇ ಇಂದೂ ಕೂತು, ಬಂದ ಆದೇಶವನ್ನು ಜಾರಿಗೊಳಿಸಿದರು. ಬಂದೂಕಿನಿಂದ ಕ್ರಾಂತಿಯಾಗಿದ್ದರೆ ಅವರಲ್ಲಿ ಕೆಲವರಾದರೂ ಹಿಂಜರಿಯುತ್ತಿದ್ದರೇನೋ. ಕಾನೂನಿನ ರೂಪ ಅವರ ಮನಸ್ಸಾಕ್ಷಿಯ ಭಾರವನ್ನು ಇಳಿಸಿಬಿಟ್ಟಿತು.

ಒಪ್ಪಿಕೊಂಡದ್ದು ಹೇಗೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ, ಪ್ರಚಾರದ ಮೋಡಿಗೆ ಜನ ಮರುಳಾದರು ಎಂಬ ಉತ್ತರವನ್ನು ಬಹಳ ಮಂದಿ ಕೊಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಪ್ರಚಾರ ಇದ್ದದ್ದು ನಿಜ: 1933ರ ಆಗಸ್ಟಿನಲ್ಲಿ 76 ಮಾರ್ಕ್ ಬೆಲೆಯ 'ಜನತಾ ರೇಡಿಯೊ' ಮಾರುಕಟ್ಟೆಗೆ ಬಂದಿತು, ಹಿಟ್ಲರ್ ಚಾನ್ಸಲರ್ ಆದ ಜನವರಿ 30ರ ನೆನಪಿಗೆ ಅದರ ಮಾದರಿಗೆ 301 ಎಂದೇ ಸಂಖ್ಯೆ ಕೊಡಲಾಯಿತು, ಕೆಲವೇ ವರ್ಷಗಳಲ್ಲಿ ಪ್ರಚಾರ ಮಂತ್ರಿ ಗೋಬೆಲ್ಸನ ದನಿ ಮನೆಮನೆಯ ಅಡುಗೆಕೋಣೆಯನ್ನು ಮುಟ್ಟಿತು. ಆದರೆ ಜನ ಬರೀ ಮಾತಿಗೆ ಒಲಿಯಲಿಲ್ಲ. ಅವರ ಕೈಗೆ ಏನೋ ಒಂದು ಸಿಗುತ್ತಲೂ ಇತ್ತು. 60 ಲಕ್ಷವಿದ್ದ ನಿರುದ್ಯೋಗಿಗಳ ಸಂಖ್ಯೆ 1937ರ ಹೊತ್ತಿಗೆ 10 ಲಕ್ಷದ ಕೆಳಗೆ ಇಳಿಯಿತು. ಅದರ ಹಿಂದೆ ಸಾಲದ ಹಣದಿಂದ ನಡೆದ ಶಸ್ತ್ರಾಸ್ತ್ರ ತಯಾರಿಕೆ ಇತ್ತು, 1935ರಿಂದ ಕಡ್ಡಾಯ ಸೈನಿಕ ಸೇವೆ ಇತ್ತು, ಉದ್ಯೋಗದಿಂದ ಹೊರದೂಡಿದ ಯಹೂದಿಗಳ ಮತ್ತು ಹೆಂಗಸರ ಖಾಲಿ ಜಾಗಗಳಿದ್ದವು. ಮೂರು ವರ್ಷ ಕೆಲಸವಿಲ್ಲದೆ ಕುಳಿತು ಮತ್ತೆ ಸಂಬಳ ಎಣಿಸುತ್ತಿದ್ದವನು ಆ ಲೆಕ್ಕವನ್ನು ಕೇಳಲಿಲ್ಲ. ಹೊಸದಾಗಿ ಮದುವೆಯಾದವರಿಗೆ 1,000 ಮಾರ್ಕ್‌ವರೆಗೆ ಸಾಲ ಸಿಗುತ್ತಿತ್ತು. ಷರತ್ತೆಂದರೆ ಹೆಂಡತಿ ಉದ್ಯೋಗ ಬಿಡಬೇಕು. ಮಗುವೊಂದು ಹುಟ್ಟಿದಾಗಲೆಲ್ಲ ಸಾಲದ ಕಾಲು ಭಾಗ ಮನ್ನಾ ಆಗುತ್ತಿತ್ತು.

ಇವುಗಳಲ್ಲಿ ಕಾರಿನ ಉಳಿತಾಯ ಯೋಜನೆಯನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು. ಸರ್ಕಾರಿ ಕಾರ್ಮಿಕ ಸಂಸ್ಥೆಯ ವಿಹಾರ ವಿಭಾಗ 990 ಮಾರ್ಕ್ ಬೆಲೆಯ ಕಾರನ್ನು ಪ್ರತಿ ಕುಟುಂಬಕ್ಕೂ ಕೊಡುವುದಾಗಿ ಹೇಳಿತು. ಕಾರ್ಮಿಕನು ವಾರಕ್ಕೆ 5 ಮಾರ್ಕ್ ಕೊಟ್ಟು ಒಂದು ಸ್ಟಾಂಪ್ ಕೊಂಡು ತನ್ನ ಪುಸ್ತಕದಲ್ಲಿ ಅಂಟಿಸಬೇಕು. ಪುಸ್ತಕ ತುಂಬಿದರೆ ಕಾರು ಬರುತ್ತದೆ. ಸುಮಾರು 3,36,000 ಮಂದಿ ಹೀಗೆ ಹಣ ಕಟ್ಟಿದರು. ಯುದ್ಧ ಶುರುವಾದ ಮೇಲೆ ಕಾರ್ಖಾನೆ ಸೈನ್ಯದ ವಾಹನಗಳಿಗೆ ತಿರುಗಿತು, ಮತ್ತು ಆ ಪುಸ್ತಕಗಳಿಗೆ ಪ್ರತಿಯಾಗಿ ಒಂದೇ ಒಂದು ಕಾರೂ ಯಾರ ಮನೆಗೂ ಬರಲಿಲ್ಲ. ಆದರೂ ವಾರವಾರ ಸ್ಟಾಂಪ್ ಅಂಟಿಸುತ್ತಿದ್ದ ಮನುಷ್ಯನಿಗೆ ಆ ಸರ್ಕಾರ ಉಳಿಯಬೇಕು ಎಂದು ಬಯಸಲು ತನ್ನದೇ ಆದ ಕಾರಣವೊಂದಿತ್ತು. ಕಾರ್ಮಿಕ ಸಂಘಗಳನ್ನು 1933ರ ಮೇ 2ರಂದು, ಅಂದರೆ ಕಾರ್ಮಿಕ ದಿನವನ್ನು ಮೊದಲ ಬಾರಿಗೆ ಸಂಬಳ ಸಹಿತ ರಾಷ್ಟ್ರೀಯ ರಜೆಯಾಗಿ ಆಚರಿಸಿದ ಮರುದಿನವೇ, ದಾಳಿ ಮಾಡಿ ಮುಚ್ಚಿಸಿದವರು ಇದೇ ಆಳುವವರು. ಕೊಡುವುದೂ ಕಸಿಯುವುದೂ ಒಂದರ ಬೆನ್ನಿಗೆ ಒಂದರಂತೆ ನಡೆದವು. ನೆನಪಿನಲ್ಲಿ ಉಳಿದದ್ದು ಕೊಟ್ಟದ್ದು ಮಾತ್ರ.

ಪ್ರಶ್ನೆ: ಗುಪ್ತ ಪೊಲೀಸರ ಕಣ್ಣು ಪ್ರತಿಯೊಬ್ಬರ ಮೇಲೂ ಇತ್ತು ಎನ್ನುತ್ತಾರೆ. ಕೋಟ್ಯಂತರ ಜನರನ್ನು ಕಾಯಲು ಬೇಕಾದಷ್ಟು ಸಿಬ್ಬಂದಿ ಯಾವ ಇಲಾಖೆಯಲ್ಲೂ ಇರಲಾರದು ಎಂಬುದು ನನ್ನ ಸೇವಾವಧಿಯ ಅನುಭವ. ಅಲ್ಲಿ ಹೇಗೆ ಸಾಧ್ಯವಾಯಿತು?
– ನಿವೃತ್ತ ಪೊಲೀಸ್ ಅಧಿಕಾರಿ, ಚಿತ್ರದುರ್ಗ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಗೆಸ್ಟಾಪೊ, ಅಂದರೆ ಆ ಗುಪ್ತ ಪೊಲೀಸ್ ಇಲಾಖೆ, ತನ್ನ ಕಡತಗಳಲ್ಲಿ ಹೆಚ್ಚಿನವನ್ನು ಸೋಲಿನ ಹೊತ್ತಿನಲ್ಲಿ ಸುಟ್ಟುಹಾಕಿತು. ವುರ್ಟ್ಸ್‌ಬರ್ಗ್‌ನಂಥ ಕೆಲವು ಕಚೇರಿಗಳ ಕಡತಗಳು ಮಾತ್ರ ಉಳಿದುಬಂದವು. 1937ರಲ್ಲಿ ಆ ಕಚೇರಿಯಲ್ಲಿದ್ದವರು 28 ಮಂದಿ, ಅವರ ವ್ಯಾಪ್ತಿಯಲ್ಲಿದ್ದ ಪ್ರದೇಶದ ಜನಸಂಖ್ಯೆ 8 ಲಕ್ಷಕ್ಕೂ ಹೆಚ್ಚು. ಆ ಕಡತಗಳನ್ನು ತೆರೆದು ಓದಿದ ಇತಿಹಾಸಕಾರರಿಗೆ ಕಂಡದ್ದು ಏನೆಂದರೆ, ಯಹೂದಿಗಳೊಂದಿಗೆ ಸ್ನೇಹ, ಯಹೂದಿಯೊಬ್ಬರೊಂದಿಗೆ ಪ್ರೀತಿ ಮುಂತಾದ 'ಅಪರಾಧ'ಗಳಲ್ಲಿ ಬಹುಪಾಲು ಪೊಲೀಸರ ಗಮನಕ್ಕೆ ಬಂದದ್ದು ಸಾಮಾನ್ಯ ಜನರು ತಾವಾಗಿ ಕೊಟ್ಟ ದೂರುಗಳಿಂದ. ದೂರುದಾರರಲ್ಲಿ ಸಿದ್ಧಾಂತ ನಂಬಿದವರಿದ್ದರು. ಅದಕ್ಕಿಂತ ಹೆಚ್ಚಾಗಿ, ಗೋಡೆ ಹಂಚಿಕೊಂಡ ಮನೆಯವರ ಮೇಲಿನ ಹಗೆ, ಅಂಗಡಿಯ ಪೈಪೋಟಿ, ಗಂಡಹೆಂಡಿರ ಜಗಳ ಇಂಥವನ್ನು ತೀರಿಸಿಕೊಳ್ಳಲು ಬಂದವರಿದ್ದರು. ಹಿಂದೆ ಪೊಲೀಸರು ಕಿವಿಗೂ ಹಾಕಿಕೊಳ್ಳದಿದ್ದ ಚಾಡಿಗೆ ಈಗ ಇನ್ನೊಬ್ಬನನ್ನು ಜೈಲಿಗೆ ಕಳುಹಿಸುವ ಶಕ್ತಿ ಬಂದಿತ್ತು. 1934ರ ಡಿಸೆಂಬರಿನ ಕಾಯ್ದೆಯೊಂದು ಸರ್ಕಾರದ ಬಗ್ಗೆ ಆಡಿದ ಕುಹಕದ ಮಾತನ್ನೂ ಶಿಕ್ಷಾರ್ಹಗೊಳಿಸಿದ ಮೇಲೆ, ಹೋಟೆಲಿನ ಮೇಜಿನ ಮೇಲೆ ಆಡಿದ ತಮಾಷೆಯೂ ಮೊಕದ್ದಮೆಯಾಯಿತು.

ಪಕ್ಷದ ಜಾಲವೂ ಜೊತೆಗಿತ್ತು. ಸುಮಾರು 40ರಿಂದ 60 ಮನೆಗಳಿಗೆ ಒಬ್ಬನಂತೆ ಪಕ್ಷದ ಕೇರಿ ಉಸ್ತುವಾರಿಗಳಿದ್ದರು. ಇವರ ಕೆಲಸವನ್ನು ಬೇಹುಗಾರಿಕೆ ಎಂದಷ್ಟೇ ತಿಳಿದರೆ ತಪ್ಪಾಗುತ್ತದೆ. ಚಳಿಗಾಲದಲ್ಲಿ ಬಡವರಿಗೆ ನೆರವು ನೀಡುವ ನಿಧಿಗೆ ಹಣ ಎತ್ತುವ ಅಭಿಯಾನ ನಡೆಯುತ್ತಿತ್ತು. ತಿಂಗಳಿಗೊಂದು ಭಾನುವಾರ ಎಲ್ಲರೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಸರಳ ಊಟ ಮಾಡಿ ಉಳಿದ ದುಡ್ಡನ್ನು ಆ ನಿಧಿಗೆ ಕೊಡಬೇಕಿತ್ತು. ಡಬ್ಬಿ ಹಿಡಿದು ಬಾಗಿಲಿಗೆ ಬಂದವನಿಗೆ ಯಾರು ಕೊಟ್ಟರು, ಯಾರು ಕೊಡಲಿಲ್ಲ, ಯಾರ ಕಿಟಕಿಯಲ್ಲಿ ಹಬ್ಬದ ದಿನ ಬಾವುಟವಿಲ್ಲ, ಯಾರು 'ಹೈಲ್ ಹಿಟ್ಲರ್' ಎನ್ನುವ ಬದಲು ಬರಿಯ ನಮಸ್ಕಾರ ಹೇಳಿದರು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತಿತ್ತು. ದಾನಕ್ಕೂ ನಿಗಾಕ್ಕೂ ಡಬ್ಬಿ ಒಂದೇ. ದಿನಕ್ಕೆ ಹತ್ತು ಬಾರಿ ಕೈ ಎತ್ತಿ ಆ ಘೋಷ ಹೇಳಿದವನು ಅದನ್ನು ಒಳಗೆ ನಂಬದಿದ್ದರೂ ನೋಡುವ ಇನ್ನೊಬ್ಬನಿಗೆ ನಂಬಿದವನಾಗಿಯೇ ಕಾಣುತ್ತಾನೆ. ಹೀಗೆ ಎಲ್ಲರೂ ಎಲ್ಲರಿಗೂ ಸಾಕ್ಷಿಗಳಾಗಿ, ತಾನೊಬ್ಬನೇ ಭಿನ್ನ ಎಂಬ ಒಂಟಿತನದಲ್ಲಿ ಪ್ರತಿಯೊಬ್ಬನೂ ಸಿಕ್ಕಿಕೊಂಡ.

ಇದರಿಂದ ಹಿಂಸೆ ಕಡಿಮೆಯಿತ್ತು ಎಂದು ಯಾರೂ ತಿಳಿಯಬಾರದು. ವಿರೋಧಿಗಳನ್ನು ಕೂಡಿಹಾಕುವ ಡಾಹೌ ಬಂಧನ ಶಿಬಿರ ತೆರೆದದ್ದು 1933ರ ಮಾರ್ಚ್ 22ರಂದು, ಮತ್ತು ಆ ಸುದ್ದಿಯನ್ನು ಮ್ಯೂನಿಚ್ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಪ್ರಕಟಿಸಲಾಗಿತ್ತು. ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು, ಯಹೂದಿಗಳು, ರೋಮಾ ಜನರು ಎದುರಿಸಿದ್ದು ನಿರಂತರ ಭಯವನ್ನು. ಉಳಿದ ಬಹುಸಂಖ್ಯಾತರಿಗೆ ಮಾತ್ರ ಶಿಬಿರ ಬೇರೆಯವರಿಗಾಗಿ ಇರುವ ಜಾಗ, ತಾವು ಸುಮ್ಮನಿದ್ದರೆ ತಮಗೇನೂ ಆಗದು ಎಂಬ ನೆಮ್ಮದಿ ಇತ್ತು. ಗಡೀಪಾರಾದ ಯಹೂದಿಗಳ ಮಂಚ, ಮೇಜು, ಬಟ್ಟೆಬರೆಗಳನ್ನು ಹ್ಯಾಂಬರ್ಗ್‌ನಲ್ಲಿ ಹರಾಜು ಹಾಕಿದಾಗ ಕೊಂಡೊಯ್ದವರು ಅಲ್ಲಿನ ಸಾಮಾನ್ಯ ಗೃಹಸ್ಥರು. ಆ ಮಂಚದ ಮೇಲೆ ಮಲಗಿದವರು ಅದರ ಹಿಂದಿನ ಒಡೆಯರು ಎಲ್ಲಿ ಎಂದು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಪ್ರಶ್ನೆ: ಯಾರೂ ಎದುರು ನಿಲ್ಲಲಿಲ್ಲವೇ? ನಿಂತಿದ್ದರೆ ಫಲ ಸಿಗುತ್ತಿತ್ತೇ?
– ಪ್ರೌಢಶಾಲಾ ಶಿಕ್ಷಕಿ, ಬಳ್ಳಾರಿ

ಉತ್ತರ: ನಿಂತರು. ಮ್ಯೂನಿಚ್ ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚಿದ ಹಾನ್ಸ್ ಮತ್ತು ಸೋಫಿ ಶಾಲ್ ಎಂಬ ಅಣ್ಣತಂಗಿಯರನ್ನು 1943ರ ಫೆಬ್ರುವರಿ 18ರಂದು ಹಿಡಿದುಕೊಟ್ಟವನು ಪೊಲೀಸನಲ್ಲ, ಕಟ್ಟಡದ ಉಸ್ತುವಾರಿ ನೌಕರ. ನಾಲ್ಕು ದಿನಗಳಲ್ಲಿ ಅವರ ತಲೆ ಕಡಿಯಲಾಯಿತು. ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುವ ಕಾರ್ಯಕ್ರಮದ ವಿರುದ್ಧ ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ 1941ರ ಆಗಸ್ಟ್ 3ರಂದು ಪ್ರಾರ್ಥನಾ ಸಭೆಯಲ್ಲಿ ನೇರವಾಗಿ ಮಾತನಾಡಿದನು. ಅದೇ ತಿಂಗಳ ಕೊನೆಗೆ ಹಿಟ್ಲರ್ ಆ ಕಾರ್ಯಕ್ರಮವನ್ನು ನಿಲ್ಲಿಸಲು ಆದೇಶಿಸಿದನು. ಆ ವೇಳೆಗೆ ಸುಮಾರು 70,000 ಮಂದಿ ಸತ್ತಿದ್ದರು, ಗುಟ್ಟಾಗಿ ಕೊಲೆ ಮುಂದುವರಿಯಿತು ಎಂಬುದೂ ನಿಜ. ಆದರೂ ಬಿಷಪ್ಪನನ್ನು ಮುಟ್ಟಲು ಆಳುವವರು ಹೆದರಿದರು, ಏಕೆಂದರೆ ಅವನ ಹಿಂದೆ ಯುದ್ಧಕ್ಕೆ ಬೇಕಾಗಿದ್ದ ವೆಸ್ಟ್‌ಫಾಲಿಯಾದ ಕ್ಯಾಥೊಲಿಕ್ ಜನರಿದ್ದರು. ಅಷ್ಟೇ ಗಟ್ಟಿಯಾದ ದನಿ ಯಹೂದಿಗಳ ಪರವಾಗಿ ಯಾವ ಪೀಠದಿಂದಲೂ ಏಳಲಿಲ್ಲ ಎಂಬುದನ್ನು ಹೇಳದೆ ಈ ಉತ್ತರವನ್ನು ಮುಗಿಸಲಾರೆ.

ಪ್ರಶ್ನೆ: ತುರ್ತು ಅಧಿಕಾರದ ಬಗ್ಗೆ ನಮ್ಮ ಸಂವಿಧಾನ ರಚಿಸಿದವರು ಜರ್ಮನಿಯಿಂದ ಎಚ್ಚರಿಕೆ ಪಡೆದಿದ್ದರೇ?
– ವಕೀಲರು, ಮಂಗಳೂರು

ಉತ್ತರ: ಎಚ್ಚರಿಸಿದವರಲ್ಲಿ ಒಬ್ಬರು ನಿಮ್ಮೂರಿನಲ್ಲೇ ಹುಟ್ಟಿದವರು. ಹರಿ ವಿಷ್ಣು ಕಾಮತ್ ಅವರು 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ತುರ್ತು ಪರಿಸ್ಥಿತಿಯ ಈ ಅಧ್ಯಾಯಕ್ಕೆ ಹೋಲುವಂಥದ್ದು ತಮಗೆ ಕಂಡದ್ದು ಹಿಟ್ಲರನಿಗೆ ಮುಂಚಿನ ಜರ್ಮನಿಯ ವೈಮಾರ್ ಸಂವಿಧಾನದಲ್ಲಿ, ಹಿಟ್ಲರ್ ಅಂಥ ವಿಧಿಯನ್ನೇ ಬಳಸಿ ಆ ಸಂವಿಧಾನವನ್ನು ನಾಶ ಮಾಡಿದ ಎಂದು ಸ್ಪಷ್ಟವಾಗಿ ಹೇಳಿದರು. ಸಂಸತ್ ಭವನದ ಬೆಂಕಿಯ ಮರುದಿನ ಹೊರಟ ಸುಗ್ರೀವಾಜ್ಞೆಗೆ ಆಧಾರವಾಗಿದ್ದದ್ದು ವೈಮಾರ್‌ನ 48ನೆಯ ವಿಧಿ. ಸಭೆ ಕಾಮತರ ಮಾತನ್ನು ಒಪ್ಪಲಿಲ್ಲ.

1975ರ ಜೂನ್ 25ರಂದು ಘೋಷಣೆಯಾಗಿ 21 ತಿಂಗಳು ನಡೆದ ತುರ್ತು ಪರಿಸ್ಥಿತಿಯನ್ನು ನಾಜಿ ಆಳ್ವಿಕೆಗೆ ಸಮನೆನ್ನುವುದು ಅಲ್ಲಿ ಸತ್ತವರಿಗೆ ಮಾಡುವ ಅನ್ಯಾಯ. ಇಲ್ಲಿ 1977ರಲ್ಲಿ ಚುನಾವಣೆ ನಡೆಯಿತು, ಸರ್ಕಾರ ಸೋತು ಕೆಳಗಿಳಿಯಿತು. ಆದರೆ ಕಾಮತರು ತೋರಿಸಿದ ಬಾಗಿಲು ತೆರೆದೇ ಇತ್ತು ಎಂಬುದು ಆಗ ಸಾಬೀತಾಯಿತು. ವಿಚಾರಣೆಯಿಲ್ಲದೆ ಬಂಧಿತರಾದವರು ನ್ಯಾಯಾಲಯದ ಕದ ತಟ್ಟಬಹುದು ಎಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದ್ದನ್ನು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಬೆಂಗಳೂರಿನ ಕಾರಾಗೃಹದಲ್ಲಿ ಆರೋಗ್ಯ ಕೆಟ್ಟು ಬಿಡುಗಡೆಯಾದ ಕಲಾವಿದೆ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ತೀರಿಕೊಂಡರು. ಇದಾದ ಮೇಲೆ 1978ರ 44ನೆಯ ತಿದ್ದುಪಡಿ, 'ಆಂತರಿಕ ಗಲಭೆ' ಎಂಬ ಕಾರಣವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬಿಗಿಗೊಳಿಸಿತು, ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ರಾಷ್ಟ್ರಪತಿಗಳು ಘೋಷಣೆ ಹೊರಡಿಸುವಂತಿಲ್ಲ ಎಂದಿತು, ಘೋಷಣೆ ಮುಂದುವರಿಯಬೇಕಾದರೆ ಆರು ತಿಂಗಳಿಗೊಮ್ಮೆ ಸಂಸತ್ತಿನ ವಿಶೇಷ ಬಹುಮತ ಬೇಕೆಂದಿತು, ಮತ್ತು ಜೀವದ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಪಾಡಿಕೊಳ್ಳಲು ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಯಾವ ತುರ್ತಿನಲ್ಲೂ ಮುಚ್ಚಲಾಗದಂತೆ ಮಾಡಿತು.